ಕೊಡಗಿನ ಬೆಳೆಗಾರನಿಗೆ ಸರ್ಕಾರದ ಸಹಾಯಧನ ಮತ್ತು ಬೆಳೆ ಪರಿಹಾರ: ಒಂದು ಸೇವಾ ವಿಮರ್ಶೆ

ಕೊಡಗಿನಲ್ಲಿ ನಾಲ್ಕೈದು ಎಕರೆ ಕಾಫಿ ತೋಟ, ಅದರ ನೆರಳು ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಮನೆಯ ಊಟಕ್ಕೆ ಸಾಲುವಷ್ಟು ಗದ್ದೆ ಇರುವ ಒಂದು ಸಾಧಾರಣ ಕುಟುಂಬಕ್ಕೆ ಸರ್ಕಾರದ ಹಣ ಒಂದೇ ಬಾಗಿಲಿನಿಂದ ಬರುವುದಿಲ್ಲ. ಪಿಎಂ ಕಿಸಾನ್ ಕಂತನ್ನು ಕೃಷಿ ಇಲಾಖೆ ನೋಡಿಕೊಳ್ಳುತ್ತದೆ. ಅತಿವೃಷ್ಟಿಯ ಬೆಳೆ ಪರಿಹಾರ ಕಂದಾಯ ಇಲಾಖೆಯದು. ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಗೆ ತೋಟಗಾರಿಕೆ ಇಲಾಖೆಯನ್ನು ಕೇಳಬೇಕು. ಕಾಫಿ ಮರುನಾಟಿಗೂ ಕಣಕ್ಕೂ ಕೊಡುವ ಸಹಾಯಧನ ಕೇಂದ್ರ ವಾಣಿಜ್ಯ ಸಚಿವಾಲಯದ ಅಧೀನದಲ್ಲಿರುವ ಕಾಫಿ ಮಂಡಳಿಯದು. ಆನೆ ನುಗ್ಗಿ ತುಳಿದ ಗಿಡಗಳ ಲೆಕ್ಕ ಅರಣ್ಯ ಇಲಾಖೆಯದು. ಇವನ್ನೆಲ್ಲ ಬೇರೆ ಬೇರೆ ಯೋಜನೆಗಳೆಂದು ವಿಂಗಡಿಸಿಕೊಳ್ಳುವುದು ಕಚೇರಿಗಳ ಅನುಕೂಲಕ್ಕೆ. ರೈತನ ಮಟ್ಟಿಗೆ ಇದು ಒಟ್ಟಾರೆ ಒಂದೇ ಸೇವೆ, ಏಕೆಂದರೆ ಅದೇ ಆಧಾರ್, ಅದೇ ಪಹಣಿ, ಅದೇ ಪಾಸ್‌ಬುಕ್ಕಿನ ಪ್ರತಿ ಹಿಡಿದು ಎಲ್ಲ ಕಡೆಗೂ ಹೋಗುವವನು ಅವನೊಬ್ಬನೇ. ಆದ್ದರಿಂದ ಇಲ್ಲಿ ಇವೆಲ್ಲವನ್ನೂ ಒಟ್ಟಿಗೆ ತೆಗೆದುಕೊಂಡು, ಮಡಿಕೇರಿ ತಾಲ್ಲೂಕಿನ ಒಬ್ಬ ಸಣ್ಣ ಬೆಳೆಗಾರನಾಗಿ ಹಲವು ವರ್ಷ ಬಳಸಿ ನೋಡಿದ ಅನುಭವದ ಮೇಲೆ ವಿಮರ್ಶೆ ಮಾಡಿದ್ದೇನೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹೆಸರು ಫಲಾನುಭವಿಗಳ ಪಟ್ಟಿಗೆ ಸೇರಿದ ಮೇಲೆ ಹಣ ಖಾತೆಗೆ ಬರುವ ಏರ್ಪಾಡು ಇಂದು ನಿಜಕ್ಕೂ ಚೆನ್ನಾಗಿದೆ. ಹೆಸರನ್ನು ಆ ಪಟ್ಟಿಗೆ ಸೇರಿಸುವ ಏರ್ಪಾಡು ಮಾತ್ರ ಕೊಡಗಿನ ಜಮೀನನ್ನು ನೋಡಿ ಮಾಡಿದ್ದಲ್ಲ.

ಚೆನ್ನಾಗಿರುವುದನ್ನು ಮೊದಲು ಹೇಳುವುದು ನ್ಯಾಯ. ಹಿಂದೆ ಬೆಳೆ ಪರಿಹಾರವೆಂದರೆ ಚೆಕ್ಕು. ಚೆಕ್ಕೆಂದರೆ ತಾಲ್ಲೂಕು ಕಚೇರಿ, ಅಲ್ಲಿ ಒಂದು ದಿನದ ಕೂಲಿ ನಷ್ಟ, ಜೊತೆಗೆ ‘ನಿಮ್ಮ ಕಡತ ನಾನು ನೋಡಿಕೊಳ್ಳುತ್ತೇನೆ’ ಎನ್ನುವ ಒಬ್ಬ ಪರಿಚಯಸ್ಥ. ಈಗ ರಾಜ್ಯ ಸರ್ಕಾರದ ‘ಪರಿಹಾರ’ ತಂತ್ರಾಂಶದಲ್ಲಿ ಹಾನಿಯ ವಿವರ ದಾಖಲಾಗಿ ಅನುಮೋದನೆ ದೊರೆತರೆ ಹಣ ನೇರವಾಗಿ ಆಧಾರ್ ಜೋಡಣೆಯಾದ ಖಾತೆಗೆ ಜಮೆಯಾಗುತ್ತದೆ. ನಡುವೆ ಯಾರ ಕೈಯನ್ನೂ ಬಿಸಿ ಮಾಡಬೇಕಿಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ. ಪಿಎಂ ಕಿಸಾನ್ ಯೋಜನೆಯಲ್ಲಿಯೂ ಅಷ್ಟೇ. 2019ರ ಫೆಬ್ರುವರಿಯಲ್ಲಿ ಆರಂಭವಾದ ಈ ಯೋಜನೆಯಡಿ ವರ್ಷಕ್ಕೆ 6,000 ರೂಪಾಯಿ, ತಲಾ 2,000ದ ಮೂರು ಕಂತುಗಳಲ್ಲಿ ಬರುತ್ತದೆ. 2025ರಲ್ಲಿ ಫೆಬ್ರುವರಿ 24, ಆಗಸ್ಟ್ 2 ಮತ್ತು ನವೆಂಬರ್ 19ರಂದು ಮೂರು ಕಂತುಗಳು ಬಿಡುಗಡೆಯಾದವು. ಗೊಬ್ಬರದ ಸಾಲಕ್ಕೂ ಕೂಲಿಯ ಬಟವಾಡೆಗೂ 2,000 ರೂಪಾಯಿ ಎಲ್ಲಿಗೂ ಸಾಲದು ಎಂಬುದು ಬೇರೆ ಮಾತು. ಹೇಳಿದ ಹಣ ಸುಮಾರು ಹೇಳಿದ ಹೊತ್ತಿಗೆ ಬರುತ್ತದೆ ಎಂಬುದು ಸರ್ಕಾರಿ ಸೇವೆಯಲ್ಲಿ ಸಣ್ಣ ಗುಣವಲ್ಲ. ರಾಜ್ಯ ಸರ್ಕಾರ 2019ರಿಂದ ಇದಕ್ಕೆ ವರ್ಷಕ್ಕೆ 4,000 ರೂಪಾಯಿ ಸೇರಿಸುತ್ತಿತ್ತು. 2023ರ ನಂತರ ಅದು ನಿಂತಿತು.

ಈ ಭಾಗದಲ್ಲಿ ಒಂದು ತೊಡಕು ಮಾತ್ರ ಮತ್ತೆ ಮತ್ತೆ ಕಾಣುತ್ತದೆ. ಹಣ ಹೋಗುವುದು ನಾವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ನಮ್ಮ ನೆರೆಮನೆಯ ಹಿರಿಯರೊಬ್ಬರಿಗೆ ಬೆಳೆ ಪರಿಹಾರ ಬಂದೇ ಇಲ್ಲವೆಂದು ತಿಂಗಳುಗಟ್ಟಲೆ ಅಲೆದಾಟವಾಯಿತು. ಕೊನೆಗೆ ನೋಡಿದರೆ ಹಿಂದೊಮ್ಮೆ ಗ್ಯಾಸ್ ಸಬ್ಸಿಡಿಗೆಂದು ಬೇರೊಂದು ಬ್ಯಾಂಕಿನಲ್ಲಿ ತೆರೆದು ಮರೆತಿದ್ದ ಖಾತೆಯಲ್ಲಿ ಪೂರ್ತಿ ಹಣ ಕುಳಿತಿತ್ತು. ತಂತ್ರಾಂಶದ ಪ್ರಕಾರ ಪಾವತಿ ಯಶಸ್ವಿ, ಆದ್ದರಿಂದ ಯಾವ ಕಚೇರಿಯಲ್ಲೂ ಅವರ ದೂರು ದೂರಾಗಿ ಉಳಿಯಲಿಲ್ಲ. ಹಣ ಯಾವ ಬ್ಯಾಂಕಿಗೆ ಹೋಗಿದೆ ಎಂದು ಒಂದೇ ಒಂದು ಸಂದೇಶ ಸ್ಪಷ್ಟ ಕನ್ನಡದಲ್ಲಿ ಬಂದಿದ್ದರೆ ಇಷ್ಟೆಲ್ಲ ಓಡಾಟವೇ ಇರುತ್ತಿರಲಿಲ್ಲ.

ಇನ್ನು ಪಟ್ಟಿಯ ವಿಷಯ. ಪಿಎಂ ಕಿಸಾನ್‌ನಿಂದ ಹೊರಗಿಟ್ಟವರ ಪಟ್ಟಿಯನ್ನು ಓದಿದರೆ ಅದು ಕೊಡಗಿನ ಜನಗಣತಿಯ ಒಂದು ಪುಟದಂತೆಯೇ ಇದೆ. ಹಿಂದಿನ ಕರನಿರ್ಧಾರಣೆ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರಿಗೆ ಇಲ್ಲ. ನಾಲ್ಕನೇ ದರ್ಜೆಯವರನ್ನು ಬಿಟ್ಟು, ತಿಂಗಳಿಗೆ 10,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಪಿಂಚಣಿ ಪಡೆಯುವ ನಿವೃತ್ತರಿಗೆ ಇಲ್ಲ. ಮನೆಗೊಬ್ಬ ಸೈನಿಕನನ್ನು ಕೊಟ್ಟ ಜಿಲ್ಲೆಯೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ; ಹವಾಲ್ದಾರರಾಗಿ ನಿವೃತ್ತರಾಗಿ ಬಂದು ಎರಡು ಎಕರೆ ತೋಟ ನೋಡಿಕೊಳ್ಳುತ್ತಿರುವವರ ಪಿಂಚಣಿ ಈ ಮಿತಿಯನ್ನು ಎಂದೋ ದಾಟಿದೆ. ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು ಎಂಬ ವ್ಯಾಖ್ಯೆಯಿರುವುದರಿಂದ, ಜಮೀನು ಹೆಂಡತಿಯ ಹೆಸರಿನಲ್ಲಿದ್ದರೂ ಗಂಡನ ಪಿಂಚಣಿ ಅಡ್ಡ ಬರುತ್ತದೆ. ಕಾಫಿಯನ್ನು ಹಸಿಯಾಗಿ ಅಥವಾ ಸಿಪ್ಪೆ ಸಹಿತ ಒಣಗಿಸಿ ಚೆರಿಯಾಗಿ ಮಾರಿದರೆ ಅದು ಕೃಷಿ ಆದಾಯ. ಬೆಳೆಗಾರನೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದಮಾಡುವುದು) ಮಾಡಿಸಿ ಮಾರಿದರೆ ಆದಾಯ ತೆರಿಗೆ ನಿಯಮಗಳ ಪ್ರಕಾರ ಆ ಆದಾಯದ ಶೇ 25ರಷ್ಟು ಭಾಗ ತೆರಿಗೆಗೆ ಒಳಪಡುತ್ತದೆ. ಅಂದರೆ ಸ್ವಲ್ಪ ಹೆಚ್ಚು ಬೆಲೆ ಸಿಗಲಿ ಎಂದು ಒಂದು ಹೆಜ್ಜೆ ಮುಂದೆ ಹೋಗಿ ತೆರಿಗೆ ಕಟ್ಟುವಂತಾದವನು ಈ ಪಟ್ಟಿಯಿಂದ ಹೊರಬೀಳುತ್ತಾನೆ. ಇದರ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ತೆರಿಗೆ ಕಟ್ಟುವಷ್ಟು ಆದಾಯ ಇರುವವರಿಗೆ 6,000 ರೂಪಾಯಿ ಬಾರದಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ 2019ರಲ್ಲಿ ಇಟ್ಟ 10,000ದ ಪಿಂಚಣಿ ಮಿತಿಯನ್ನು ಅಲ್ಲಿಯೇ ಬಿಟ್ಟಿರುವುದು ಸರಿಯಲ್ಲ.

ತಕರಾರಿರುವುದು 2019ರ ಫೆಬ್ರುವರಿ 1 ಎಂಬ ದಿನಾಂಕದ ಬಗ್ಗೆ. ಆ ದಿನಕ್ಕೆ ಜಮೀನು ಯಾರ ಹೆಸರಿನಲ್ಲಿತ್ತೋ ಅವರಿಗೆ ಅರ್ಹತೆ. ಆ ನಂತರ ಹೆಸರು ಬದಲಾದರೆ, ಖಾತೆದಾರರು ತೀರಿಕೊಂಡು ವಾರಸುದಾರರಿಗೆ ಬಂದ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಬಯಲುಸೀಮೆಯ ಹಳ್ಳಿಯಲ್ಲಿ ಇದು ಅಷ್ಟಾಗಿ ಕಾಡದಿರಬಹುದು. ನಮ್ಮಲ್ಲಿ ತಲೆಮಾರುಗಳಿಂದ ಒಟ್ಟಾಗಿದ್ದ ಒಕ್ಕದ, ಅಂದರೆ ಕೂಡು ಮನೆತನದ, ಆಸ್ತಿ ಈಗಷ್ಟೇ ಪಾಲಾಗುತ್ತಿದೆ. ಎಲ್ಲರೂ ಬದುಕಿರುವಾಗಲೇ ಜಗಳವಿಲ್ಲದೆ ಪಾಲು ಮಾಡಿಕೊಂಡು, ಪೋಡಿ (ಅಳತೆ ಮಾಡಿ ಪಾಲನ್ನು ಬೇರ್ಪಡಿಸುವುದು) ಮಾಡಿಸಿ, ತನ್ನ ಹೆಸರಿಗೆ ಪ್ರತ್ಯೇಕ ಪಹಣಿ ಮಾಡಿಸಿಕೊಂಡವನು ಕಂದಾಯ ಇಲಾಖೆಯ ದೃಷ್ಟಿಯಲ್ಲಿ ಆದರ್ಶ ರೈತ. ಪಿಎಂ ಕಿಸಾನ್ ದೃಷ್ಟಿಯಲ್ಲಿ ಅವನು ಹೊಸಬ, ಆದ್ದರಿಂದ ಅನರ್ಹ.

ಇಲ್ಲಿಂದ ಮುಂದೆ ಎಲ್ಲವೂ ಫ್ರೂಟ್ಸ್ ಎಂಬ ರಾಜ್ಯದ ರೈತ ನೋಂದಣಿ ವ್ಯವಸ್ಥೆಯ ಮೇಲೆ ನಿಂತಿದೆ. ಅದರಲ್ಲಿ ಸಿಗುವ ಎಫ್‌ಐಡಿ ಸಂಖ್ಯೆ ಇಲ್ಲದಿದ್ದರೆ ಬೆಳೆ ಪರಿಹಾರವಿಲ್ಲ, ವಿಮೆಯಿಲ್ಲ, ಯಂತ್ರೋಪಕರಣದ ಸಹಾಯಧನವಿಲ್ಲ. ಉದ್ದೇಶ ಒಳ್ಳೆಯದು: ಒಬ್ಬ ರೈತನಿಗೆ ಒಂದೇ ಸಂಖ್ಯೆ, ಅದರಡಿ ಅವನ ಎಲ್ಲ ಸರ್ವೆ ನಂಬರುಗಳು, ಪ್ರತಿ ಇಲಾಖೆಗೂ ಹೊಸದಾಗಿ ದಾಖಲೆ ಕೊಡುವ ಕಾಟವಿಲ್ಲ. ಪಹಣಿಯಲ್ಲಿ ಒಬ್ಬನೇ ಖಾತೆದಾರ, ಆಧಾರ್‌ನಲ್ಲಿ ಅದೇ ಹೆಸರು ಅದೇ ಕಾಗುಣಿತ ಇದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಕುಶಾಲನಗರದ ಕಡೆ ಮುಸುಕಿನ ಜೋಳ, ಶುಂಠಿ ಬೆಳೆಯುವ ನನ್ನ ಗೆಳೆಯರೊಬ್ಬರಿಗೆ ಹಾಗೆಯೇ ಮುಗಿಯಿತು, ಅವರು ಈ ಸೇವೆಗೆ ಪೂರ್ತಿ ಅಂಕ ಕೊಡುತ್ತಾರೆ.

ಜಮ್ಮಾ ಜಮೀನಿನವರ ಕಥೆ ಬೇರೆ. ಕೊಡಗಿನ ಹೊರಗಿನವರಿಗಾಗಿ ಒಂದೆರಡು ಮಾತು: ಜಮ್ಮಾ ಎನ್ನುವುದು ರಾಜರ ಕಾಲದಿಂದ ಬಂದ ವಂಶಪಾರಂಪರ್ಯದ ಹಿಡುವಳಿ, 1899ರ ಕೂರ್ಗ್ ಭೂಕಂದಾಯ ನಿಯಮಾವಳಿಯಲ್ಲಿಯೂ ಅದಕ್ಕೆ ಸ್ಥಾನವಿತ್ತು, ಪೂರ್ಣ ಕಂದಾಯ ಕಟ್ಟುವ ‘ಸಾಗು’ ಹಿಡುವಳಿಯ ಅರ್ಧದಷ್ಟು ಮಾತ್ರ ಅದಕ್ಕೆ ಕಂದಾಯ. ಜಮೀನು ಒಕ್ಕದ್ದು, ದಾಖಲೆಯಲ್ಲಿ ಹೆಸರು ಹಿರಿಯನಾದ ಪಟ್ಟೆದಾರನದು. ಗದ್ದೆಗೆ ಅಂಟಿಕೊಂಡಂತೆ ಬಾಣೆ ಎಂಬ ಕಾಡುಜಾಗ, ಬಾಣೆಯಲ್ಲಿ ಇಂದು ಕಾಫಿ. ಹೀಗಾಗಿ ಕೆಲವು ಪಹಣಿಗಳಲ್ಲಿ ತೀರಿಕೊಂಡು ಮೂರು ತಲೆಮಾರಾದ ಪಟ್ಟೆದಾರನ ಹೆಸರು ಇನ್ನೂ ಇದೆ. ಇನ್ನು ಕೆಲವರದರಲ್ಲಿ ಹತ್ತಿಪ್ಪತ್ತು ಹೆಸರುಗಳ ಸಾಲು ಇದ್ದು, ಯಾರಿಗೆ ಎಷ್ಟು ಎಕರೆ ಎಂಬ ಅಂಕಣ ಖಾಲಿ. ಸ್ಥಳದಲ್ಲಿ ಯಾವ ಗೊಂದಲವೂ ಇಲ್ಲ. ಯಾವ ಕಲ್ಲಿನಿಂದ ಯಾವ ತೋಡಿನವರೆಗೆ ಯಾರ ಅನುಭವದಲ್ಲಿದೆ ಎಂದು ಕಾಫಿ ಕುಯ್ಯಲು ಬರುವ ಆಳುಗಳಿಗೂ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ತನಗೆ ತಿಳಿಯದ ಕಡೆ ಅದು ಎಲ್ಲ ಜಂಟಿ ಖಾತೆದಾರರ ಒಪ್ಪಿಗೆ ಪತ್ರ ಕೇಳುತ್ತದೆ.

ಆ ಒಪ್ಪಿಗೆ ಪತ್ರ ಎಂಥದ್ದೆಂದು ಹತ್ತಿರದಿಂದ ನೋಡಿದವರಿಗೇ ಗೊತ್ತು. ಪಟ್ಟಿಯಲ್ಲಿರುವ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಮಸ್ಕತ್‌ನಲ್ಲಿ, ಒಬ್ಬರು ಗಡಿಯಲ್ಲಿ ಕರ್ತವ್ಯದಲ್ಲಿ, ಇಬ್ಬರು ಸ್ಮಶಾನದಲ್ಲಿ. ಊರಿನಲ್ಲಿ ಉಳಿದವರ ಪೈಕಿ ಒಬ್ಬರಿಗೆ ಇನ್ನೊಬ್ಬರೊಂದಿಗೆ ಮಾತಿಲ್ಲ. ನಾನು ನನ್ನ ಭಾಗದ ಬೆಳೆಹಾನಿಗೆ ಸಹಿ ಮಾಡಿಸಲು ಹೊರಟಾಗ, ದೊಡ್ಡಪ್ಪನ ಮಗ ಮರುಮಾತಿಲ್ಲದೆ ಸಹಿ ಹಾಕಿಕೊಟ್ಟ; ಇನ್ನೊಬ್ಬ ಸಂಬಂಧಿಕರು ‘ಇದಕ್ಕೆ ಸಹಿ ಹಾಕಿದರೆ ನಾಳೆ ಜಾಗವೇ ನಿನ್ನದು ಎಂದು ಬರೆದುಕೊಟ್ಟಂತೆ ಆಗುವುದಿಲ್ಲವಲ್ಲ?’ ಎಂದು ಕೇಳಿ, ಕಾಗದವನ್ನು ವಕೀಲರಿಗೆ ತೋರಿಸುತ್ತೇನೆಂದು ಇಟ್ಟುಕೊಂಡರು. ಅವರ ಅನುಮಾನ ತಪ್ಪೆಂದು ನಾನು ಹೇಳಲಾರೆ. ಎಕರೆಗೆ ಕೆಲವು ಸಾವಿರದ ಪರಿಹಾರಕ್ಕಾಗಿ ಕುಟುಂಬದ ಹಳೆಯ ಗಾಯಗಳನ್ನು ಕೆದಕಬೇಕಾಗುವ ಒಂದು ಸೇವೆ ಮತ್ತೆಲ್ಲಾದರೂ ಇದೆಯೋ ಇಲ್ಲವೋ. ಎಷ್ಟೋ ಮಂದಿ ಈ ಹಂತದಲ್ಲಿಯೇ ‘ಬೇಡಪ್ಪ, ಆ ಹಣ ಬಂದು ನಾವು ಉದ್ಧಾರವಾಗುವುದೂ ಅಷ್ಟರಲ್ಲೇ ಇದೆ’ ಎಂದು ಕೈಬಿಡುತ್ತಾರೆ. ಸರ್ಕಾರದ ಲೆಕ್ಕದಲ್ಲಿ ಅವರು ಅರ್ಜಿ ಹಾಕದವರು.

ಹೆಸರಿನ ಹೊಂದಾಣಿಕೆಯದು ಇನ್ನೊಂದು ಗೋಳು. ಕೊಡವರಲ್ಲಿಯೂ ಅರೆಭಾಷೆ ಗೌಡರಲ್ಲಿಯೂ ಮನೆತನದ ಹೆಸರು ಮೊದಲು ಬರುತ್ತದೆ, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಹಳೆಯ ಪಹಣಿಯಲ್ಲಿ ಮನೆತನದ ಹೆಸರು ಪೂರ್ತಿಯಾಗಿ ಇರುತ್ತದೆ, ಆಧಾರ್‌ನಲ್ಲಿ ಅದೇ ಒಂದಕ್ಷರವಾಗಿ ಕೊನೆಗೆ ಹೋಗಿರುತ್ತದೆ, ಬ್ಯಾಂಕಿನಲ್ಲಿ ತಂದೆಯ ಹೆಸರು ಬಿಟ್ಟೇ ಹೋಗಿರುತ್ತದೆ. ಮೂರೂ ಒಬ್ಬನೇ ವ್ಯಕ್ತಿ ಎಂದು ಊರಿನ ಗ್ರಾಮ ಆಡಳಿತ ಅಧಿಕಾರಿಗೆ ಗೊತ್ತಿದ್ದರೂ ಸಾಲದು, ಅದಕ್ಕೊಂದು ಅಫಿಡವಿಟ್ಟು ಬೇಕು. ಗಂಡ ತೀರಿಕೊಂಡ ಮೇಲೂ ಪಹಣಿ ಅವರ ಹೆಸರಿನಲ್ಲಿಯೇ ಉಳಿದ ಮನೆಗಳಲ್ಲಿ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗುವವರೆಗೆ ಹೆಂಡತಿಗೆ ಎಫ್‌ಐಡಿಯಲ್ಲಿ ಆ ಜಮೀನೇ ಕಾಣಿಸುವುದಿಲ್ಲ.

ಪೈಸಾರಿ ಜಾಗದವರಿಗಂತೂ ಈ ಸೇವೆಯೇ ಇಲ್ಲ ಎನ್ನಬಹುದು. ಸರ್ಕಾರಿ ಜಾಗದಲ್ಲಿ ಹತ್ತಾರು ವರ್ಷದಿಂದ ಕಾಫಿ ಬೆಳೆದು ಬದುಕುತ್ತಿರುವ ಕುಟುಂಬಗಳು ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲಿ ಇವೆ. ಒತ್ತುವರಿಯಾದ ಪ್ಲಾಂಟೇಶನ್ ಜಮೀನನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆಗೆ ಕೊಡಲು ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು ದಾರಿ ಮಾಡಿದ್ದಾಗಿದೆ. ಆದರೆ ಬೆಳೆ ಪರಿಹಾರದ ಪ್ರಶ್ನೆ ಬಂದಾಗ ಎಲ್ಲವೂ ಪಹಣಿಯ ಹೆಸರಿಗೇ ಬಂದು ನಿಲ್ಲುತ್ತದೆ. ಮಳೆ ಪಹಣಿ ನೋಡಿ ಸುರಿಯುವುದಿಲ್ಲ ಎಂದು ಇಂಥವರೊಬ್ಬರು ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕೂತು ಹೇಳಿದ್ದನ್ನು ಕೇಳಿದ್ದೇನೆ.

ಈಗ ಮುಖ್ಯವಾದ ಬೆಳೆಹಾನಿ ಪರಿಹಾರಕ್ಕೆ ಬರೋಣ. ಕೇಂದ್ರದ ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ಮಾರ್ಗಸೂಚಿಯಂತೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದರೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಒಬ್ಬ ರೈತನಿಗೆ ಹೆಚ್ಚೆಂದರೆ ಎರಡು ಹೆಕ್ಟೇರಿಗೆ ಮಾತ್ರ. ಕಾಫಿ, ಮೆಣಸು, ಅಡಿಕೆ ಬಹುವಾರ್ಷಿಕದಲ್ಲಿ ಬರುತ್ತವೆ. ರಾಜ್ಯ ಸರ್ಕಾರ ಆಗಾಗ ತನ್ನ ಪಾಲು ಸೇರಿಸುತ್ತದೆ: 2021ರ ಡಿಸೆಂಬರಿನಲ್ಲಿ ಬಹುವಾರ್ಷಿಕ ಬೆಳೆಯ ಮೊತ್ತ 18,000ದಿಂದ 28,000ಕ್ಕೆ ಏರಿತು, 2025ರಲ್ಲಿ ಹೆಕ್ಟೇರಿಗೆ 8,500 ಸೇರಿಸಿ 31,000 ಮಾಡಿತು. ಈ ಮೊತ್ತವನ್ನು ನಮ್ಮ ಎಕರೆಗೆ ಇಳಿಸಿದರೆ ಕೇಂದ್ರದ ದರದಲ್ಲಿ ಸುಮಾರು 9,100 ರೂಪಾಯಿ, ರಾಜ್ಯದ ಹೆಚ್ಚುವರಿ ಸೇರಿ ಸುಮಾರು 12,500. 2025ರ ಆರಂಭದಲ್ಲಿ 50 ಕಿಲೋದ ರೋಬಸ್ಟಾ ಚೆರಿಯ ಚೀಲವೊಂದರ ಬೆಲೆ 10,000 ರೂಪಾಯಿ ದಾಟಿತ್ತು. ಅಂದರೆ ಎಕರೆ ತೋಟದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಫಸಲು ನೆಲಕ್ಕೆ ಬಿದ್ದಾಗ ಸರ್ಕಾರ ಕೊಡುವುದು ಒಂದು ಚೀಲ ಚೆರಿಯ ಆಸುಪಾಸಿನ ಹಣ. ಇದನ್ನು ನಷ್ಟಭರ್ತಿ ಎಂದು ಯಾರೂ ಕರೆಯುವುದಿಲ್ಲ, ಸರ್ಕಾರದ ಕಡತದಲ್ಲಿಯೂ ಇದು ಮುಂದಿನ ಬೆಳೆಗೆ ಗೊಬ್ಬರ, ಔಷಧಿ ಕೊಳ್ಳಲು ಕೊಡುವ ಇನ್‌ಪುಟ್ ಸಬ್ಸಿಡಿ. ಆ ಲೆಕ್ಕದಲ್ಲಿ ನೋಡಿದರೆ ಮೊತ್ತ ತೀರಾ ಕೀಳೂ ಅಲ್ಲ. ಒಂದು ಸುತ್ತು ಗೊಬ್ಬರಕ್ಕೆ ಆಗುತ್ತದೆ. ಗದ್ದೆಯವರಿಗೆ ಕೇಂದ್ರದ ಮಳೆಯಾಶ್ರಿತ ದರದಲ್ಲಿ ಎಕರೆಗೆ ಸುಮಾರು 3,440 ರೂಪಾಯಿ ಬೀಳುತ್ತದೆ, ಅದು ನಾಟಿಯ ಕೂಲಿಗೂ ಸಾಲದು. ಕೊಡಗಿನಲ್ಲಿ ಗದ್ದೆಗಳು ಪಾಳು ಬೀಳುತ್ತಿರುವುದಕ್ಕೆ ಬೇರೆ ಹತ್ತು ಕಾರಣಗಳಿದ್ದರೂ, ಈ ದರ ಯಾರನ್ನೂ ಮತ್ತೆ ಗದ್ದೆಗೆ ಇಳಿಸುವುದಿಲ್ಲ.

ದರಕ್ಕಿಂತ ನನಗೆ ಹೆಚ್ಚು ಯೋಚನೆ ಹಚ್ಚುವುದು ಹಾನಿಯನ್ನು ಅಳೆಯುವ ಬಗೆ. ಜುಲೈ, ಆಗಸ್ಟ್‌ನಲ್ಲಿ ವಾರಗಟ್ಟಲೆ ಬಿಡದೆ ಮಳೆ ಹಿಡಿದರೆ ಕಾಫಿ ಗಿಡದ ಬೇರು ಉಸಿರುಗಟ್ಟಿ ಹಸಿರು ಕಾಯಿ ಉದುರುತ್ತದೆ. ಕೊಳೆ ರೋಗ ಹತ್ತಿದರೆ ಎಲೆ ಕಪ್ಪಾಗಿ ನೂಲಿನಂಥ ಎಳೆಯಲ್ಲಿ ಕೊಂಬೆಗೆ ಜೋತುಬೀಳುತ್ತದೆ. ಕುಯ್ಲು ಮಾತ್ರ ಅರಬಿಕಾಕ್ಕೆ ನವೆಂಬರಿನಿಂದ, ರೋಬಸ್ಟಾಕ್ಕೆ ಹೊಸ ವರ್ಷದ ಹೊತ್ತಿಗೆ. ನಷ್ಟ ಎಷ್ಟೆಂಬುದು ಬೆಳೆಗಾರನಿಗೂ ಸರಿಯಾಗಿ ತಿಳಿಯುವುದು ಕಣದಲ್ಲಿ ಚೀಲ ಕಟ್ಟಿದಾಗ. ಸಮೀಕ್ಷೆಗೆ ಬರುವವರು ಮಾತ್ರ ಮಳೆ ನಿಂತ ಕೂಡಲೇ ಬರಬೇಕು. ನಮ್ಮ ತೋಟಕ್ಕೆ ಬಂದ ಜಂಟಿ ತಂಡದಲ್ಲಿ ಕಂದಾಯ, ತೋಟಗಾರಿಕೆ ಮತ್ತು ಕಾಫಿ ಮಂಡಳಿಯ ತಲಾ ಒಬ್ಬರಿದ್ದರು. ಕಾಫಿ ಮಂಡಳಿಯವರು ಒಂದು ಗಿಡದ ಬುಡದಲ್ಲಿ ಕೂತು, ಒದ್ದೆ ತರಗೆಲೆಯನ್ನು ಕೈಯಿಂದ ಸರಿಸಿ, ಉದುರಿದ ಕಾಯಿಗಳನ್ನು ಬೊಗಸೆಯಲ್ಲಿ ಎತ್ತಿ ತೋರಿಸಿದರು. ಆಮೇಲೆ ಅದೇ ಗಿಡದ ಒಂದು ರೆಕ್ಕೆಯಲ್ಲಿ (ಅಡ್ಡ ಕೊಂಬೆಯಲ್ಲಿ) ಗಂಟಿಗೆ ಎಷ್ಟು ಕಾಯಿ ಉಳಿದಿದೆ ಎಂದು ಎಣಿಸಿದರು. ಅಷ್ಟರಲ್ಲಿ ಜಿಗಣೆ ಅವರ ಕಾಲುಚೀಲದೊಳಗೆ ಇಳಿದಾಗಿತ್ತು. ಅವರ ಕೆಲಸದಲ್ಲಿ ಕುಂದು ಹೇಳುವ ಹಾಗಿರಲಿಲ್ಲ. ಆದರೆ ಹತ್ತು ದಿನ ತಡವಾಗಿ ಬಂದಿದ್ದರೆ ಬಿದ್ದ ಕಾಯಿ ಕೊಳೆತು ಮಣ್ಣಾಗಿ, ತೋಟ ಹಸಿರಾಗಿ ನಗುತ್ತಿರುತ್ತದೆ. ಚಿತ್ರದಲ್ಲಿ ಹಾನಿ ಕಾಣುವುದೇ ಇಲ್ಲ. ಬಯಲಿನಲ್ಲಿ ಮಲಗಿದ ಭತ್ತದ ಫೋಟೊ ತನ್ನ ಕಥೆ ತಾನೇ ಹೇಳುತ್ತದೆ, ಕಾಫಿ ಗಿಡ ಹೇಳುವುದಿಲ್ಲ. ಒಂದು ಗ್ರಾಮಕ್ಕೆ ಒಬ್ಬ ಗ್ರಾಮ ಆಡಳಿತ ಅಧಿಕಾರಿಯೂ ಇಲ್ಲದೆ ಎರಡು ಮೂರು ಕಡೆಯ ಹೊಣೆ ಒಬ್ಬರ ತಲೆಯ ಮೇಲೆ ಇರುವಾಗ, ರಸ್ತೆಯ ಪಕ್ಕದ ತೋಟಗಳು ಮೊದಲು ದಾಖಲಾಗುವುದು, ಹೊಳೆಯಾಚೆಯ ತೋಟಗಳು ಕೊನೆಗೆ ಉಳಿಯುವುದು ಸಹಜವೇ. 2021ರ ನವೆಂಬರಿನ ಅಕಾಲಿಕ ಮಳೆಯಲ್ಲಿ ಹಣ್ಣಾದ ಅರಬಿಕಾ ಗಿಡದಲ್ಲಿಯೇ ಒಡೆದು ಬಿದ್ದಾಗಲೂ, ಕುಯ್ದದ್ದು ಕಣದಲ್ಲಿ ಬೂಸ್ಟು ಹಿಡಿದಾಗಲೂ ಇದೇ ಪ್ರಶ್ನೆ ಎದ್ದಿತು: ಕಣದಲ್ಲಿ ಕೆಟ್ಟ ಕಾಫಿ ಬೆಳೆಹಾನಿಯೋ ಅಲ್ಲವೋ?

ಇದಕ್ಕೆ ಸೇರಿಕೊಂಡಂತೆ ಬೆಳೆ ಸಮೀಕ್ಷೆಯ ಆ್ಯಪ್ ಇದೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದನ್ನು ಸ್ಥಳದಲ್ಲೇ ಫೋಟೊ ತೆಗೆದು ದಾಖಲಿಸುವ ಈ ಪದ್ಧತಿಯ ಮಾಹಿತಿಯೇ ಮುಂದೆ ವಿಮೆಗೂ ಪರಿಹಾರಕ್ಕೂ ಆಧಾರ. ಒಂದೇ ಎಕರೆಯಲ್ಲಿ ಕಾಫಿ, ಅದರ ಮೇಲೆ ಮೆಣಸು, ನಡುವೆ ಕಿತ್ತಳೆ, ಬದಿಯಲ್ಲಿ ಅಡಿಕೆ ಬೆಳೆಯುವ ಕೊಡಗಿನ ತೋಟವನ್ನು ಆ್ಯಪಿನ ಚೌಕಗಳಿಗೆ ತುಂಬಿಸುವುದು ಸುಲಭವಲ್ಲ. ಸಮೀಕ್ಷೆಗೆ ಬಂದ ಹುಡುಗ ಕಾಫಿ ಎಂದಷ್ಟೇ ಬರೆದು ಹೋದರೆ, ಮೆಣಸಿನ ವಿಮೆಯ ಹೊತ್ತಿಗೆ ನಿಮ್ಮ ತೋಟದಲ್ಲಿ ಮೆಣಸೇ ಇಲ್ಲ ಎಂಬ ಉತ್ತರ ಬರುತ್ತದೆ. ಸಮೀಕ್ಷೆಯಲ್ಲಿ ಏನು ದಾಖಲಾಗಿದೆ ಎಂದು ‘ಬೆಳೆ ದರ್ಶಕ’ ಆ್ಯಪಿನಲ್ಲಿ ನೋಡಿ ಆಕ್ಷೇಪಣೆ ಹಾಕಬಹುದು. ಇದು ಒಳ್ಳೆಯ ಸೌಲಭ್ಯ, ಬಳಸುವವರು ಕಡಿಮೆ.

ಭೂಕುಸಿತದ ಪರಿಹಾರದ ಬಗ್ಗೆ ಹೇಳದೆ ಕೊಡಗಿನ ವಿಮರ್ಶೆ ಪೂರ್ತಿಯಾಗದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡಗಳೇ ಜಾರಿ ತೋಟಗಳ ಮೇಲೆ ಬಂದವು, ಎಷ್ಟೋ ತೋಟಗಳು ತಾವೇ ಜಾರಿಹೋದವು. 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಅದೇ ಆಯಿತು. ಜಮೀನೇ ಕೊಚ್ಚಿಹೋದರೆ ಆಗಿನ ದರ ಹೆಕ್ಟೇರಿಗೆ 37,500 ರೂಪಾಯಿ, ಹೂಳು ತೆಗೆಯಲು 12,200. 2022ರಿಂದ 2026ರವರೆಗಿನ ಮಾರ್ಗಸೂಚಿಯಲ್ಲಿ ಅದು ಕ್ರಮವಾಗಿ 47,000 ಮತ್ತು 18,000. ಇದೂ ಸಣ್ಣ ಮತ್ತು ಅತಿಸಣ್ಣ ಹಿಡುವಳಿದಾರರಿಗೆ, ಕಂದಾಯ ದಾಖಲೆಯಲ್ಲಿ ಒಡೆತನ ಸ್ಪಷ್ಟವಾಗಿದ್ದರೆ ಮಾತ್ರ. ನಲವತ್ತು ವರ್ಷ ಸಾಕಿದ ಕಾಫಿ ಗಿಡ, ಮೆಣಸಿನ ಬಳ್ಳಿ, ನೆರಳು ಮರ ಮತ್ತು ಅವುಗಳ ಕೆಳಗಿನ ಮಣ್ಣು ಎಲ್ಲ ಸೇರಿ ಎಕರೆಗೆ ಆಗ ಸುಮಾರು 15,000, ಆಮೇಲೆ ಸುಮಾರು 19,000. ಫಸಲಿನ ನಷ್ಟದ ದರವನ್ನು ನಾನು ಒಪ್ಪಿಕೊಳ್ಳಬಲ್ಲೆ; ಈ ದರಕ್ಕೆ ಯಾವ ಸಮರ್ಥನೆಯೂ ಹೊಳೆಯುವುದಿಲ್ಲ. ಬಹುವಾರ್ಷಿಕ ಬೆಳೆಯ ಗಿಡ ಮತ್ತೆ ಫಸಲಿಗೆ ಬರಲು ಬೇಕಾಗುವ ವರ್ಷಗಳ ಕಲ್ಪನೆಯೇ ಈ ಮಾರ್ಗಸೂಚಿಯಲ್ಲಿ ಇಲ್ಲ.

ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆ ಇವೆಲ್ಲಕ್ಕಿಂತ ಭಿನ್ನ, ಮತ್ತು ಕಲ್ಪನೆಯ ಮಟ್ಟದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು. ವಿಮಾ ಮೊತ್ತದ ಶೇ 5ರಷ್ಟನ್ನು ರೈತ ಕಟ್ಟಬೇಕು, ಉಳಿದ ಪ್ರೀಮಿಯಂ ಕೇಂದ್ರ ಮತ್ತು ರಾಜ್ಯ ಸರ್ಕಾರಗಳದು. ಹಾನಿಯಾಯಿತೆಂದು ಯಾರಿಗೂ ಅರ್ಜಿ ಹಾಕಬೇಕಿಲ್ಲ, ಯಾರೂ ಬಂದು ನೋಡಬೇಕಿಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕ ನಿಗದಿತ ಮಿತಿಗಿಂತ ಹೆಚ್ಚು ಅಥವಾ ಕಡಿಮೆ ತೋರಿಸಿದರೆ ಪರಿಹಾರ ತಾನಾಗಿ ಲೆಕ್ಕವಾಗುತ್ತದೆ. ಕೊರತೆ ಮಾಪಕದಲ್ಲಲ್ಲ, ನಮ್ಮ ಬೆಟ್ಟಗಳಲ್ಲಿದೆ. ಭಾಗಮಂಡಲದ ಮಳೆ ಕುಶಾಲನಗರದ ಮಳೆಯ ಹಲವು ಪಟ್ಟು ಎಂಬುದು ಎಲ್ಲರಿಗೂ ಗೊತ್ತು. ಒಂದೇ ಪಂಚಾಯಿತಿಯೊಳಗೆ ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಇರುವ ವ್ಯತ್ಯಾಸ ಅಲ್ಲಿ ಬದುಕುವವರಿಗಷ್ಟೇ ಗೊತ್ತು. ಬಳ್ಳಿ ಸೊರಗು ರೋಗದಿಂದ ಸತ್ತರೂ ಮಾಪಕ ಸಾಧಾರಣ ಮಳೆ ಎಂದರೆ ಹಣವಿಲ್ಲ. ತೋಟ ಚೆನ್ನಾಗಿದ್ದರೂ ಮಾಪಕ ಉಕ್ಕಿದರೆ ಹಣವುಂಟು. ಎರಡನ್ನೂ ಕಂಡವರು ಊರಿನಲ್ಲಿದ್ದಾರೆ, ಎರಡನೆಯವರು ಅಷ್ಟಾಗಿ ಬಾಯಿಬಿಡುವುದಿಲ್ಲ. ಆದರೂ ಪ್ರತಿ ವರ್ಷ ಕಟ್ಟುವುದೇ ಲಾಭವೆಂದು ನನ್ನ ಎಣಿಕೆ.

ಕಾಫಿ ಮಂಡಳಿಯ ಸಹಾಯಧನದ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಮರುನಾಟಿ, ಕೆರೆ ಮತ್ತು ತುಂತುರು ನೀರಾವರಿ, ಕಣ, ಗೋದಾಮು ಇವುಗಳಿಗೆ ಅದು ಉಪಯುಕ್ತ; ಸಿಬ್ಬಂದಿಗೆ ಕಾಫಿ ಗೊತ್ತು, ಮಾತಾಡಿದರೆ ಅರ್ಥವಾಗುತ್ತದೆ. ಆದರೆ ಮೊದಲು ಸ್ವಂತ ಹಣ ಹಾಕಿ ಕೆಲಸ ಮುಗಿಸಿ, ತಪಾಸಣೆಯ ನಂತರ ಹಣ ಪಡೆಯುವ ಪದ್ಧತಿಯಾದ್ದರಿಂದ ಕೈಯಲ್ಲಿ ಬಂಡವಾಳ ಇರುವವನಿಗೇ ಅದು ಒದಗುತ್ತದೆ. ದೇಶದ ಕಾಫಿಯ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಯ ಮುಖ್ಯ ಬೆಳೆ ವಾಣಿಜ್ಯ ಸಚಿವಾಲಯದ ಕೈಯಲ್ಲಿ, ಅದೇ ತೋಟದ ಬೇರೆ ಬೆಳೆಗಳು ಕೃಷಿ ಸಚಿವಾಲಯದ ಕೈಯಲ್ಲಿ ಇರುವುದರ ಫಲವನ್ನು ನಾವು ಪ್ರತಿ ಅರ್ಜಿಯಲ್ಲಿಯೂ ಉಣ್ಣುತ್ತೇವೆ. ಇದಕ್ಕೆ ಹೋಲಿಸಿದರೆ ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆ ಸಾಲ ಅತ್ಯಂತ ಸಲೀಸು. 2023ರಲ್ಲಿ ರಾಜ್ಯ ಸರ್ಕಾರ ಅದರ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿತು. ಸಂಘದವರು ಕುಟುಂಬವನ್ನು ಬಲ್ಲವರು, ಜಮ್ಮಾ ಎಂದರೆ ಏನೆಂದು ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಬಡ್ಡಿಯಲ್ಲಿ ಉಳಿಯುವ ಹಣವೂ ಸಹಾಯಧನವೇ. ಅದು ನಮ್ಮ ಮನೆಗೆ ಪಿಎಂ ಕಿಸಾನ್‌ಗಿಂತ ಹೆಚ್ಚು ಉಪಯೋಗವಾಗಿದೆ.

ಈ ಸೇವೆಯನ್ನು ಬಳಸಲು ಹೊರಟವರಿಗೆ ನನ್ನ ಸಲಹೆ ಮಳೆಗಾಲಕ್ಕೆ ಮೊದಲೇ ಶುರುಮಾಡಿ ಎಂಬುದು. ಹೂಮಳೆ ಮುಗಿದು ತೋಟದಲ್ಲಿ ಕೆಲಸ ಕಡಿಮೆ ಇರುವ ಏಪ್ರಿಲ್, ಮೇ ತಿಂಗಳಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಎಫ್‌ಐಡಿಯಲ್ಲಿ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ಮುದ್ರಿತ ಪ್ರತಿ ತೆಗೆಸಿ ನೋಡಬೇಕು. ಬೇರೆ ತಾಲ್ಲೂಕಿನಲ್ಲಿರುವ ಜಮೀನು ಬಿಟ್ಟುಹೋಗಿರುವುದೇ ಹೆಚ್ಚು. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಪಿಎಂ ಕಿಸಾನ್‌ನ ಇ-ಕೆವೈಸಿಗೆ ಬೆರಳಚ್ಚು ಹತ್ತದ ಹಿರಿಯರಿಗೆ ಮೊಬೈಲ್ ಆ್ಯಪಿನಲ್ಲಿ ಮುಖ ತೋರಿಸಿ ಮುಗಿಸುವ ದಾರಿ 2023ರಿಂದ ಇದೆ, ವರ್ಷವಿಡೀ ಮಣ್ಣಿನಲ್ಲಿ ದುಡಿದು ಬೆರಳು ಸವೆದವರಿಗೆ ಇದರಷ್ಟು ಒಳ್ಳೆಯ ಬದಲಾವಣೆ ಇನ್ನೊಂದಿಲ್ಲ. ಕಂತು ನಿಂತುಹೋದರೆ 155261 ಸಹಾಯವಾಣಿಯಿದೆ. ಜಂಟಿ ಪಹಣಿಯವರು ಒಪ್ಪಿಗೆ ಪತ್ರಕ್ಕಾಗಿ ಹಾನಿಯಾಗುವವರೆಗೆ ಕಾಯದೆ, ಕೈಲ್‌ಪೊಳ್ದ್‌ಗೋ ಪುತ್ತರಿಗೋ ಹಬ್ಬಕ್ಕೆಂದು ಒಕ್ಕದವರೆಲ್ಲ ಐನ್‌ಮನೆಯಲ್ಲಿ, ಅಂದರೆ ಮೂಲಮನೆಯಲ್ಲಿ, ಸೇರಿದಾಗಲೇ ಸಹಿ ಮಾಡಿಸಿಕೊಳ್ಳುವುದು ಒಳ್ಳೆಯದು. ಊಟಕ್ಕೆ ಮೊದಲು ಕೇಳಿದರೆ ಇನ್ನೂ ಒಳ್ಳೆಯದು. ಮಳೆ ಹಿಡಿದು ಕಾಯಿ ಉದುರತೊಡಗಿದ ದಿನವೇ ಗಿಡದ ಬುಡದ ಫೋಟೊ ತೆಗೆದು, ತಾರೀಖಿನೊಂದಿಗೆ ಲಿಖಿತ ಅರ್ಜಿಯನ್ನು ನಾಡಕಚೇರಿಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ಒಂದು ಸಲ ಸಮೀಕ್ಷೆಯ ತಂಡ ತಡವಾಗಿ ಬಂದಾಗ ನಾನು ತೋರಿಸಬಹುದಾಗಿದ್ದ ಒಂದೇ ದಾಖಲೆ ಆ ಮೊಹರಿನ ಪ್ರತಿ, ಮತ್ತು ಅದನ್ನು ಅವರು ಒಪ್ಪಿಕೊಂಡರು.